ಕೇಳದೆ ಕೇಳಿದ ಹಾಡು

ಪ್ರೇಮಲೋಕದ ಹಾಡು ಕೇಳಿದರೆ ನನಗೆ 1987 ನೆನಪಾಗುವುದಿಲ್ಲ. ಹೀಗಂದರೆ ನನ್ನ ವಯಸ್ಸಿನವರು ಜಗಳಕ್ಕೇ ಬರುತ್ತಾರೆ. ಆ ವರ್ಷ ನಾನು ಕಾರವಾರದಲ್ಲಿ ಎಸ್ಸೆಸ್ಸೆಲ್ಸಿ. ಯಾವ ಟೆಂಪೋ ಹತ್ತಿದರೂ ಹಂಸಲೇಖ, ಯಾವ ಗೂಡಂಗಡಿ ಮುಂದೆ ನಿಂತರೂ ಹಂಸಲೇಖ. ಗಣಪತಿ ಪೆಂಡಾಲಿನಲ್ಲೂ ಅದೇ. ಆದರೂ ನೆನಪಾಗುವುದಿಲ್ಲ. ಯಾಕಂದ್ರೆ ಆ ಹಾಡುಗಳು ಆಮೇಲೆ ಎಲ್ಲಿಗೂ ಹೋಗಲೇ ಇಲ್ಲ. ಮೊನ್ನೆ ಅಂಕೋಲೆಯ ಮದುವೆಯಲ್ಲಿ ಆರ್ಕೆಸ್ಟ್ರಾದವರು ಹಾಡಿದರು. ಅದಕ್ಕೂ ಮುಂಚೆ ಹುಬ್ಬಳ್ಳಿಯಲ್ಲಿ ಹಲ್ಲು ತೋರಿಸಲು ಹೋದಾಗ, ಬಾಯಿ ಕಳೆದು ಮಲಗಿದ್ದವಳ ತಲೆಯ ಮೇಲೆ ಅದೇ ಹಾಡು ಬರುತ್ತಿತ್ತು. ಈಗ ಅದು ಕೇಳಿದರೆ ಕಣ್ಣೆದುರು ಬರುವುದು ಹಲ್ಲಿನ ಡಾಕ್ಟರು.

ಹಿಟ್ ಹಾಡುಗಳ ಗತಿಯೇ ಇದು. ಎಲ್ಲರ ಮದುವೆಗೂ ಹೋಗಿ ಬಂದಿರುತ್ತವೆ.

ನನಗೆ ಆ ಕಾಲ ಬೇಕಾದರೆ ಬೇರೆ ಹಾಡು ಬೇಕು. ಹೆಸರು ಗೊತ್ತಿಲ್ಲದ, ಅರ್ಧಕ್ಕೇ ನಿಂತುಹೋದ ಒಂದು ಹಾಡು. ಅದರ ಕಥೆ ಹೇಳಬೇಕಾದರೆ ಸ್ವಲ್ಪ ಸುತ್ತು ಹಾಕಿ ಬರಬೇಕು.

ನಮ್ಮ ಮನೆ ಕೋಡಿಬಾಗದಲ್ಲಿ. ಮನೆಯೊಳಗೆ ಕೊಂಕಣಿ, ಶಾಲೆಯಲ್ಲಿ ಕನ್ನಡ. ಇಂಗ್ಲಿಷು ಅಂದರೆ ಐದನೇ ಇಯತ್ತೆಯಲ್ಲಿ ಶುರುವಾದ ಒಂದು ಪೀರಿಯಡ್ಡು, ಅಷ್ಟೇ. ಹಡಗಿನ ಕೆಲಸದಲ್ಲಿದ್ದ ಮಾಮಾ 1983ರಲ್ಲಿ ರಜೆಗೆ ಬಂದಾಗ ಒಂದು ಟೂ-ಇನ್-ವನ್ ತಂದ. ರೇಡಿಯೋವೂ ಹೌದು, ಟೇಪೂ ಹೌದು. ಭಟ್ಕಳ, ಹೊನ್ನಾವರದ ಕಡೆ ಇಂಥದ್ದೆಲ್ಲ ಗಲ್ಫಿನಿಂದ ಬರುತ್ತಿತ್ತು, ನಮ್ಮ ಓಣಿಗೆ ಹಡಗಿನಿಂದ. ಜೊತೆಗೆ ಎಂಟು ಕ್ಯಾಸೆಟ್ಟು. ಯಾವುದರಲ್ಲಿ ಯಾವ ಹಾಡು ಅಂತ ಮಾಮಾನಿಗೂ ಗೊತ್ತಿರಲಿಲ್ಲ. ಯಾವುದೋ ಬಂದರಿನಲ್ಲಿ ಸುಮ್ನೆ ಕೈಗೆ ಸಿಕ್ಕಿದ್ದು ತಗೊಂಡಿದ್ದ.

ಇಂಗ್ಲಿಷ್ ಹಾಡುಗಳೆಲ್ಲಕ್ಕೂ ನಮ್ಮಲ್ಲಿ ಒಂದೇ ಹೆಸರು: ಡಿಸ್ಕೋ. ನಿಧಾನಕ್ಕೆ ಅಳುವ ಹಾಡೂ ಡಿಸ್ಕೋನೇ.

ಆ ಎಂಟರಲ್ಲಿ ಒಂದು ಬೋನಿ ಎಂ ಅನ್ನುವ ಗುಂಪಿನದು. ‘ರಾಸ್ಪುಟಿನ್’ ಹಾಡು ಬಂದಿದ್ದು 1978ರಲ್ಲಿ. ನಮ್ಮ ಪಡಸಾಲೆಗೆ ಬರುವಷ್ಟರಲ್ಲಿ ಐದು ವರ್ಷ ಹಳತಾಗಿತ್ತು. ನಮಗೆ ಹೊಸತೇ. ಹಾಡಿನವನು ಆ ಹೆಸರು ಹೇಳುವ ಮೊದಲು ‘ರಾ ರಾ’ ಅನ್ನುತ್ತಾನಲ್ಲ, ಆಯಿಗೆ, ಅಂದರೆ ಅಮ್ಮನಿಗೆ, ಅದು ಕೊಂಕಣಿಯ ‘ರಾವ, ರಾವ’ ಅಂತ ಕೇಳಿಸುತ್ತಿತ್ತು. ನಿಲ್ಲು, ನಿಲ್ಲು ಅಂತ. ‘ಪಾಪ, ಯಾರನ್ನು ಇಷ್ಟು ಹೊತ್ತು ಕರೀತಿದ್ದಾನೆ? ಅವರಾದರೂ ನಿಲ್ಲಬಾರದಾ?’ ಅಂತ ಬಾಂಗಡೆ ಕೊಯ್ಯುತ್ತಲೇ ಕೇಳಿದ್ದಳು. ಆ ಗುಂಪಿನಲ್ಲಿ ಕುಣಿಯುತ್ತಿದ್ದ ಬಾಬಿ ಫ್ಯಾರೆಲ್ ಧ್ವನಿಮುದ್ರಿಕೆಗಳಲ್ಲಿ ಹಾಡಿದವನೇ ಅಲ್ಲ, ಗಂಡು ದನಿ ಗುಂಪು ಕಟ್ಟಿದ ಫ್ರಾಂಕ್ ಫ್ಯಾರಿಯನ್ನನದು ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಬಾಬಿ ತೀರಿಕೊಂಡಿದ್ದು 2010ರ ಡಿಸೆಂಬರ್ 30ಕ್ಕೆ, ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ. ನಿಜವಾದ ರಾಸ್ಪುಟಿನ್, ರಷ್ಯಾದ ರಾಜಮನೆತನಕ್ಕೆ ಹತ್ತಿರವಾಗಿದ್ದ ಸಾಧು, ಕೊಲೆಯಾದದ್ದೂ ಅದೇ ಊರಲ್ಲಿ, 1916ರ ಅದೇ ತಾರೀಖಿಗೆ. ಕಥೆಯಲ್ಲಿ ಬರೆದರೆ ಯಾರೂ ಒಪ್ಪುವುದಿಲ್ಲ ಅಲ್ವಾ?

ಕಾಳಿ ನದಿಗೆ ಸೇತುವೆ ಆದದ್ದೂ ಅದೇ ಸುಮಾರಿಗೆ. ಅಲ್ಲಿಯವರೆಗೆ ಸದಾಶಿವಗಡಕ್ಕೆ ಹೋಗಬೇಕಾದರೆ ಲಾಂಚು ಕಾಯಬೇಕಿತ್ತು. ಸೇತುವೆ ಆದ ಹೊಸದರಲ್ಲಿ ಊರಿಗೆ ಊರೇ ಸಂಜೆ ಅದರ ಮೇಲೆ. ದಾದಾ, ಅಂದರೆ ನನ್ನಣ್ಣ, ಸೈಕಲ್ಲಿನ ಹಿಂದೆ ನನ್ನನ್ನು ಕೂರಿಸಿಕೊಳ್ಳುತ್ತಿದ್ದ. ಟೂ-ಇನ್-ವನ್ ನನ್ನ ತೊಡೆಯ ಮೇಲೆ. ಆರು ದೊಡ್ಡ ಸೆಲ್ಲಿನ ಭಾರಕ್ಕೆ ಕಾಲು ಜೋಮು ಹಿಡಿಯುತ್ತಿತ್ತು. ಸೆಲ್ಲು ಮುಗಿಯುತ್ತ ಬಂದ ಹಾಗೆ ಹಾಡಿನ ವೇಗ ಇಳಿಯುತ್ತಿತ್ತು. ಸೇತುವೆಯ ಈ ತುದಿಯಲ್ಲಿ ಹೆಂಗಸು ಹಾಡಲು ಶುರು ಮಾಡಿದರೆ ಆ ತುದಿ ಮುಟ್ಟುವಾಗ ಗಂಡಸು ಹಾಡುತ್ತಿದ್ದ. ಮನೆಗೆ ಬಂದು ಸೆಲ್ಲನ್ನು ಬಿಸಿಲಿಗಿಟ್ಟರೆ ಮರುದಿನ ಇನ್ನೆರಡು ಹಾಡಿಗೆ ಆಗುತ್ತಿತ್ತು.

ಎಂಟು ಕ್ಯಾಸೆಟ್ಟು ಎಷ್ಟು ದಿನ ಬಂದೀತು? ಆಗ ಸಿಕ್ಕಿದ್ದು ಬಸ್‌ಸ್ಟ್ಯಾಂಡಿನ ಕಡೆಯ ಆ ಅಂಗಡಿ. ‘ಇಲ್ಲಿ ರೆಕಾರ್ಡಿಂಗ್ ಮಾಡಿಕೊಡಲಾಗುವುದು’ ಅಂತ ಬೋರ್ಡು. ನಾವು ಖಾಲಿ ಕ್ಯಾಸೆಟ್ಟು, ಹಾಡಿನ ಪಟ್ಟಿ ಕೊಡಬೇಕು. ಅಂಗಡಿಯವರು ತಮ್ಮಲ್ಲಿದ್ದ ಹಾಡುಗಳನ್ನು ಒಂದೊಂದಾಗಿ ತುಂಬಿಸಿ ಕೊಡುತ್ತಾರೆ. ಹಾಡಿಗೆ ಇಷ್ಟು ಅಂತ ದುಡ್ಡು. ಕಾಪಿರೈಟು ಅನ್ನುವ ಶಬ್ದವನ್ನು ನಾನಂತೂ ಕೇಳಿರಲಿಲ್ಲ.

ಪಟ್ಟಿ ಮಾಡುವುದು ಸಣ್ಣ ಕೆಲಸವಲ್ಲ. ಹೆಸರು ಗೊತ್ತಿದ್ದರೆ ತಾನೇ ಬರೆಯುವುದು? ನಾಜಿಯಾ ಹಸನ್ ಹೆಸರು ಗೊತ್ತಿತ್ತು, ಎಲ್ಲರಿಗೂ ಗೊತ್ತಿತ್ತು. 1980ರಲ್ಲಿ ‘ಕುರ್ಬಾನಿ’ಗೆ ಹಾಡಿದಾಗ ಅವಳಿಗೆ ಹದಿನೈದು ವರ್ಷ. ಆ ಹಾಡು ಕಟ್ಟಿದ ಬಿದ್ದು ನಮ್ಮ ಬೆಂಗಳೂರಿನಲ್ಲಿ ಹುಟ್ಟಿದವರು. ಸಿನಿಮಾ ಮಾಡಿದ ಫಿರೋಜ್ ಖಾನ್ ಹುಟ್ಟಿದ್ದೂ ಬೆಂಗಳೂರಲ್ಲೇ. ಕರಾಚಿಯ ಹುಡುಗಿಯ ಹಾಡಿನಲ್ಲಿ ಬೆಂಗಳೂರು ಇಷ್ಟಿತ್ತು ಅಂತ ಆಗ ಗೊತ್ತಿದ್ದರೆ ಶಾಲೆಯಲ್ಲಿ ಎಷ್ಟು ಜಂಬ ಪಡಬಹುದಿತ್ತು. ಮೈಕಲ್ ಜಾಕ್ಸನ್ ಗೊತ್ತಿದ್ದ. ಉಳಿದ ಹಾಡುಗಳನ್ನು ದಾದಾ ಅಂಗಡಿಯ ಗಾಜಿನ ಮುಂದೆ ನಿಂತು ಗುನುಗಿ ತೋರಿಸುತ್ತಿದ್ದ. ಹಿಂದೆ ಸಾಲಿನಲ್ಲಿ ನಿಂತವರು ನಗುತ್ತಿದ್ದರು. ನಾನು ಅವನ ಪರಿಚಯವೇ ಇಲ್ಲದ ಹಾಗೆ ರಸ್ತೆ ಕಡೆ ನೋಡುತ್ತಿದ್ದೆ.

ಈ ಅಂಗಡಿಯವರಿಗೆ ಒಂದು ಅಭ್ಯಾಸವಿತ್ತು. ಟೇಪು ಖಾಲಿ ಬಿಡುತ್ತಿರಲಿಲ್ಲ. ಅರವತ್ತು ನಿಮಿಷದ ಕ್ಯಾಸೆಟ್ಟು ಅಂದರೆ ಒಂದು ಬದಿಗೆ ಮೂವತ್ತು ನಿಮಿಷ. ನಾವು ಕೇಳಿದ ಏಳು ಹಾಡು ತುಂಬಿದ ಮೇಲೆ ಎರಡೋ ಮೂರೋ ನಿಮಿಷ ಉಳಿಯುತ್ತಿತ್ತು. ಅಲ್ಲಿ ಅವರು ತಮ್ಮ ಮನಸ್ಸಿಗೆ ಬಂದ ಒಂದು ಹಾಡು ಹಾಕಿಬಿಡುತ್ತಿದ್ದರು. ಅದಕ್ಕೆ ದುಡ್ಡಿಲ್ಲ. ಹೆಸರೂ ಬರೆಯುತ್ತಿರಲಿಲ್ಲ. ಟೇಪು ಮುಗಿದಲ್ಲಿಗೆ ಹಾಡು ಖಟ್ ಅಂತ ನಿಂತಿತು, ಮುಗಿಯಿತು. ಒಂದು ಸಲ ನಾನು ಕೇಳಿದೆ. ಕುಮಟಾ ಕಡೆಯವರು, ಅದೇ ಧಾಟಿಯಲ್ಲಿ ಹೇಳಿದರು: ‘ಖಾಲಿ ಬಿಡೂಕಾಗ ತಂಗೀ. ದುಡ್ಡು ಕೊಟ್ಟು ತಗೊಂಡ ಟೇಪಲ್ವ?’

ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತದೆ. ಮೂರು ನಿಮಿಷದ ಹಾಡು ಅಂದರೆ ಎಂಟೂವರೆ ಮೀಟರ್. ಅಜ್ಜಿಯ ಒಂಬತ್ತು ಗಜದ ಸೀರೆಯಷ್ಟು ಉದ್ದ, ಸ್ವಲ್ಪ ಜಾಸ್ತಿ. ಅಷ್ಟು ಉದ್ದದ ಬಟ್ಟೆಯನ್ನು ನಮ್ಮ ಕಡೆ ಯಾರೂ ಎಸೆಯುವುದಿಲ್ಲ. ಅವರ ಮಾತು ನನಗೆ ಸರಿಯಾಗಿಯೇ ಕಂಡಿತು.

ಹೀಗೆ ನಮ್ಮ ಪ್ರತಿ ಕ್ಯಾಸೆಟ್ಟಿನ ಎರಡೂ ಬದಿಯ ಕೊನೆಗೆ ನಾವು ಕೇಳದೆ ಕೇಳಿದ ಹಾಡುಗಳಿದ್ದವು. ಕೇಳಿ ಹಾಕಿಸಿಕೊಂಡ ಹಾಡುಗಳು ಎಲ್ಲರ ಮನೆಯಲ್ಲೂ ಇದ್ದವೇ. ಕೊನೆಯ ಎರಡು ನಿಮಿಷ ಮಾತ್ರ ನಮ್ಮದು. ಅಂದರೆ ಅವರದ್ದು. ಒಮ್ಮೆ ಲೋರ್ನಾಳ ಕೊಂಕಣಿ ಹಾಡು ಹಾಕಿದ್ದರು. ಆಯಿ ಕೈಯೊರೆಸಿಕೊಂಡು ಬಂದು ಟೇಪಿನ ಮುಂದೆ ಕೂತದ್ದು ಅದೊಂದೇ ಸಲ. ಆ ಹೊತ್ತಿಗೆ ಲೋರ್ನಾ ಹಾಡುವುದನ್ನೇ ಬಿಟ್ಟು ವರ್ಷಗಳಾಗಿದ್ದವು. ಎಲ್ಲಿ ಹೋದಳು ಅಂತ ಗೋವಾದವರೇ ಕೇಳಿಕೊಳ್ಳುತ್ತಿದ್ದರು. ಮತ್ತೆ ವೇದಿಕೆಗೆ ಬಂದಿದ್ದು 1995ರಲ್ಲಿ. ಇನ್ನೊಮ್ಮೆ ಗೋವಾದ ಗಾಯಕ ರೆಮೋ. 1984ರಲ್ಲಿ ಸಿಯೋಲಿಮ್ಮಿನ ತನ್ನ ಮನೆಯಲ್ಲೇ ಒಬ್ಬನೇ ಎಲ್ಲ ವಾದ್ಯ ನುಡಿಸಿ, ಎಲ್ಲ ದನಿ ಹಾಡಿ ಕ್ಯಾಸೆಟ್ಟು ಮಾಡಿ, ಸ್ಕೂಟರಿನ ಮೇಲೆ ಅಂಗಡಿ ಅಂಗಡಿಗೆ ಹಂಚಿದ ಆಸಾಮಿ. ಮಾಜಾಳಿ ದಾಟಿದರೆ ಗೋವಾ. ಅವನ ಕ್ಯಾಸೆಟ್ಟು ನಮಗೆ ಬೆಂಗಳೂರಿಗಿಂತ ಮೊದಲೇ ಸಿಕ್ಕಿತ್ತು ಅನ್ನುವುದು ನನ್ನ ಹೆಮ್ಮೆ. ಪುರಾವೆ ಕೇಳಬೇಡಿ.

ಮತ್ತೊಂದು ಕ್ಯಾಸೆಟ್ಟಿನ ಬಿ ಬದಿಯ ಕೊನೆಗೆ ಆ ಹಾಡು.

ಗಂಡಸಿನ ದನಿ, ಆದರೆ ತೆಳ್ಳಗೆ, ಎತ್ತರದಲ್ಲಿ. ಸಂಕೋಚದ ಮನುಷ್ಯ ಅಂತ ಕೇಳಿದ ಕೂಡಲೇ ಗೊತ್ತಾಗುತ್ತಿತ್ತು. ಹಿಂದೆ ನೀರು ತೊಟ್ಟಿಕ್ಕುವಂಥ ಕೀಬೋರ್ಡು. ಎರಡೂವರೆ ನಿಮಿಷದ ಹತ್ತಿರ, ಪಲ್ಲವಿ ಇನ್ನೊಮ್ಮೆ ಮೇಲೇರುವಾಗ, ಖಟ್. ನನಗೆ ಇಂಗ್ಲಿಷ್ ಹಾಡುಗಳನ್ನು ಕೇಳಿ ಕೇಳಿ ಕನ್ನಡ ಅಕ್ಷರದಲ್ಲಿ ಬರೆದಿಡುವ ಹುಚ್ಚಿತ್ತು. ಅದಕ್ಕೇ ಒಂದು ನೋಟ್‌ಬುಕ್ಕು. ಅದರಲ್ಲಿರುವುದು ಇಂಗ್ಲಿಷೂ ಅಲ್ಲ, ಕನ್ನಡವೂ ಅಲ್ಲ, ಬರೀ ಸದ್ದು. ಈ ಹಾಡಿನ ಪುಟದಲ್ಲಿ ಒಂದು ಕಡೆ ‘ದೋಣಿ’ ಅಂತಿದೆ. ಪಕ್ಕದಲ್ಲೇ ‘ಕಮೀಜು’. ಬೈತಖೋಲದ ದೋಣಿಯವನೊಬ್ಬ ಅಂಗಿ ಕಳೆದುಕೊಂಡು ಅಳುತ್ತಿರುವ ಹಾಡು ಇದು ಅಂತ ದಾದಾ ತೀರ್ಪು ಕೊಟ್ಟ. ನನಗದು ನಿಜವೇ ಇರಬೇಕು ಅನ್ನಿಸಿತ್ತು. ದನಿಯಲ್ಲಿ ಅಂಥ ದುಃಖವೇ ಇತ್ತು.

ಮಳೆಗಾಲ ಬಂದರೆ ಕ್ಯಾಸೆಟ್ಟುಗಳ ಬಾಣಂತನ. ಕಾರವಾರದ ಮಳೆ ಗೊತ್ತಲ್ಲ, ಗೋಡೆಯೇ ಬೆವರುತ್ತದೆ. ಟೇಪಿನ ಅಂಚಿಗೆ ಬಿಳಿ ಬೂಷ್ಟು ಹಿಡಿಯುತ್ತಿತ್ತು. ಬಿಸ್ಕೀಟಿನ ಡಬ್ಬಿಯ ಅಡಿಗೆ ಅಕ್ಕಿ ಹಾಕಿ, ಮೇಲೆ ಕಾಗದ ಹಾಸಿ, ಅದರೊಳಗೆ ಕ್ಯಾಸೆಟ್ಟು ಇಡುತ್ತಿದ್ದೆವು. ಟೇಪು ಸಿಕ್ಕಿಕೊಂಡರೆ ಪೆನ್ಸಿಲ್ ತೂರಿಸಿ ತಿರುಗಿಸುವುದು. ಇದನ್ನು ಎಲ್ಲರೂ ಬರೆದಿದ್ದಾರೆ, ಬಿಡಿ. ಯಾರೂ ಬರೆಯದ್ದು ಅಂದರೆ ಸಾಲ ಕೊಟ್ಟ ಕ್ಯಾಸೆಟ್ಟಿನ ಪಾಡು. ಪಕ್ಕದ ಮನೆಯ ಮಾಸ್ತರರು ಹೊನ್ನಾವರ ಕಡೆಯವರು, ಯಕ್ಷಗಾನದ ಹುಚ್ಚಿನವರು. ನಮ್ಮಿಂದ ಅಬ್ಬಾ ಕ್ಯಾಸೆಟ್ಟು ಒಯ್ದರು. ಒಂದು ವಾರ ಬಿಟ್ಟು ತಂದುಕೊಟ್ಟರು, ಒಳಗೆ ಕಾಳಿಂಗ ನಾವಡರು. ಆಟಕ್ಕೆ ಟೇಪು ಒಯ್ದು ರಾತ್ರಿಯಿಡೀ ರೆಕಾರ್ಡ್ ಮಾಡಿಕೊಂಡಿದ್ದರಂತೆ. ದಾದಾ ಎರಡು ದಿನ ಊಟ ಬಿಟ್ಟ. ಆದರೆ ಭಾಗವತಿಕೆ ಮುಗಿದ ಮರುಕ್ಷಣವೇ, ಚೆಂಡೆಯ ಬೆನ್ನಿಗೇ, ಅಳಿಸದೆ ಉಳಿದಿದ್ದ ಅರ್ಧ ಸಾಲು ಅಬ್ಬಾ ಬರುತ್ತಿತ್ತು. ಆ ಜೋಡಣೆ ಎಷ್ಟು ಅಭ್ಯಾಸವಾಯಿತು ಅಂದರೆ, ಈಗಲೂ ನಾವಡರ ಪದ ಎಲ್ಲಾದರೂ ಕೇಳಿದರೆ ಕೊನೆಗೆ ಸ್ವೀಡನ್ನಿನ ಆ ಇಬ್ಬರು ಹೆಂಗಸರಿಗಾಗಿ ಕಾಯುತ್ತೇನೆ.

ನಮ್ಮ ಕರಾವಳಿಯ ದೊಡ್ಡ ಪಾಪ್ ತಾರೆ ಯಾರು ಅಂತ ಕೇಳಿದರೆ ನಾನು ನಾವಡರ ಹೆಸರೇ ಹೇಳುವುದು. ಕ್ಯಾಸೆಟ್ಟು ಅವರನ್ನು ಆಟವೇ ನೋಡದವರ ಮನೆಗೂ ತಲುಪಿಸಿತ್ತು. 1990ರ ಮೇನಲ್ಲಿ ರಸ್ತೆ ಅಪಘಾತದಲ್ಲಿ ಹೋದರು. ಇನ್ನೂ ಚಿಕ್ಕ ವಯಸ್ಸು. ಅದೇ ವರ್ಷ ಸೆಪ್ಟೆಂಬರ್ 30ಕ್ಕೆ ನಮ್ಮ ಹೊನ್ನಾವರದ ಶಂಕರ್‌ನಾಗ್, ಅವರೂ ರಸ್ತೆಯಲ್ಲೇ. ಎಂಬತ್ತರ ದಶಕ ಯಾವಾಗ ಮುಗಿಯಿತು ಅಂತ ನಮ್ಮ ಕಡೆಯವರಿಗೆ ಕ್ಯಾಲೆಂಡರ್ ನೋಡಿ ಹೇಳಬೇಕಾಗಿಲ್ಲ.

ಆಮೇಲೆ ಎಲ್ಲರ ಮನೆಯ ಕಥೆಯೇ. ದಾದಾ ಮಸ್ಕತ್ತಿಗೆ, ನಾನು ಮದುವೆಯಾಗಿ ಹುಬ್ಬಳ್ಳಿಗೆ. ಕ್ಯಾಸೆಟ್ಟು ಅಂಗಡಿ ಸೀಡಿ ಅಂಗಡಿಯಾಯಿತು, ಮೊಬೈಲ್ ಅಂಗಡಿಯಾಯಿತು. ಈಗ ಅಲ್ಲಿ ಎಳನೀರು ಮಾರುತ್ತಾರೆ.

2024ರ ಆಗಸ್ಟ್ 7ರಂದು, ನಡುರಾತ್ರಿ ಕಳೆದ ಮೇಲೆ, ಕಾಳಿಯ ಆ ಹಳೇ ಸೇತುವೆ ಕುಸಿದು ಬಿತ್ತು. ಒಂದು ಲಾರಿ ನೀರಿಗೆ ಹೋಯಿತು. ಪುಣ್ಯ, ಚಾಲಕ ಬದುಕಿಕೊಂಡ. ಬೆಳಿಗ್ಗೆ ಆಯಿ ಫೋನು ಮಾಡಿದಾಗ ಅವಳ ದನಿ ಕೇಳಿ ನಾನು ಅವತ್ತೇ ಹೊರಟೆ. ಕೋಡಿಬಾಗದ ದಂಡೆಯಲ್ಲಿ ಜನ ಸುಮ್ಮನೆ ನಿಂತು ನೋಡುತ್ತಿದ್ದರು. ಕಂಬಗಳ ಮಧ್ಯೆ ನೀರಿನಲ್ಲಿ ಓರೆಯಾಗಿ ಬಿದ್ದಿದ್ದ ರಸ್ತೆ. ಸೈಕಲ್ಲು ಹೊಡೆದ ರಸ್ತೆ. ಅದನ್ನು ನೋಡಿ ನನಗೆ ದುಃಖಕ್ಕಿಂತ ಸಿಟ್ಟು ಬಂತು. ನಾನು ನೋಡುತ್ತಿರುವಾಗ ಹುಟ್ಟಿದ ಸೇತುವೆ, ನನಗಿಂತ ಮೊದಲು ಹೋಗುವುದು ಅಂದರೇನು?

ಮಳೆ ಬಿಡಲಿಲ್ಲ. ಮನೆಯಲ್ಲಿ ಕೂತು ಮಾಡುವುದೇನು ಅಂತ ಅಟ್ಟ ಹತ್ತಿದೆ. ಬಿಸ್ಕೀಟಿನ ಡಬ್ಬಿ ಇತ್ತು. ಅಕ್ಕಿ ಹುಳ ತಿಂದು ಪುಡಿಯಾಗಿತ್ತು, ಕ್ಯಾಸೆಟ್ಟುಗಳಿದ್ದವು, ನೋಟ್‌ಬುಕ್ಕೂ ಇತ್ತು. ಟೂ-ಇನ್-ವನ್ ಕೂಡ ಇತ್ತು, ಆದರೆ ಒಳಗಿನ ರಬ್ಬರ್ ಬೆಲ್ಟು ಕರಗಿ ಡಾಂಬರಿನ ಹಾಗೆ ಅಂಟಿಕೊಂಡಿತ್ತು.

ಇಂಥವನ್ನೆಲ್ಲ ರಿಪೇರಿ ಮಾಡುವವರು ಶಿರಸಿಯಲ್ಲಿ ಒಬ್ಬರಿದ್ದಾರೆ ಅಂತ ಗೆಳತಿ ಹೇಳಿದಳು. ಮಳೆ ಕಡಿಮೆಯಾದ ಮೇಲೆ ಒಯ್ದೆ. ದೇವಿಕೆರೆಯ ಹತ್ತಿರ ಒಂದು ಸಣ್ಣ ಕೋಣೆ. ಅವರು ಮೊದಲು ಮೈಕ್ ಸೆಟ್ಟಿನ ಕೆಲಸದವರು. ಮಾರಿಕಾಂಬೆ ಜಾತ್ರೆ ಎರಡು ವರ್ಷಕ್ಕೊಮ್ಮೆ ಬಂದರೆ ಒಂಬತ್ತು ದಿನ ನಿದ್ದೆ ಇರಲಿಲ್ಲವಂತೆ. ‘ತೊಟ್ಟಿಲಿನವನದೊಂದು ಹಾಡು, ನಾಟಕದವರದೊಂದು, ಬಳೆ ಅಂಗಡಿಯವನದೊಂದು. ನಡುವೆ ನಿಂತವನಿಗೆ ಒಂದೂ ತಿಳಿತಿರಲಿಲ್ಲೆ. ಆದರೆ ಈಗಲೂ ನೆನಪಿರೋದು ಅದೇ ಗದ್ದಲ’ ಅಂದರು. ನನಗೆ ಅವರು ಕೂಡಲೇ ಹಿಡಿಸಿದರು.

ಬೆಲ್ಟು ಬದಲಿಸಿದರು. ಹತ್ತಿಗೆ ಸ್ಪಿರಿಟ್ ಅದ್ದಿ ಹೆಡ್ಡು ಒರೆಸಿದರು. ಹತ್ತಿ ಕಂದು ಬಣ್ಣಕ್ಕೆ ತಿರುಗಿತು. ಆ ಪುಡಿಯೂ ಹಾಡೇ ಅಂತ ಆಮೇಲೆ ಹೊಳೆಯಿತು. ಬಿ ಬದಿಯನ್ನು ಕೊನೆಗೆ ಓಡಿಸಿ, ಸ್ವಲ್ಪ ಹಿಂದೆ ತಂದು ಒತ್ತಿದರು. ಹಾಡು ಶುರುವಾಗುವ ಮೊದಲೇ ಅದೇ ಹಾಡು ದೂರದಿಂದ, ಬಾವಿಯೊಳಗಿಂದ ಬಂದ ಹಾಗೆ ಕೇಳಿಸಿತು. ನನಗೆ ಭ್ರಮೆ ಅನ್ನಿಸಿತು. ಭ್ರಮೆಯಲ್ಲವಂತೆ. ಸುತ್ತಿಟ್ಟ ಟೇಪು ವರ್ಷಗಟ್ಟಲೆ ಹಾಗೇ ಬಿದ್ದಿದ್ದರೆ ಒಂದು ಸುತ್ತಿನ ಹಾಡು ಪಕ್ಕದ ಸುತ್ತಿಗೆ ಸಣ್ಣಗೆ ಅಂಟಿಕೊಳ್ಳುತ್ತದಂತೆ. ಒತ್ತಿ ಮಡಚಿಟ್ಟ ಸೀರೆಯ ಬಣ್ಣ ಪಕ್ಕದ ಮಡಿಕೆಗೆ ಹತ್ತಿದ ಹಾಗೆ.

ಆಮೇಲೆ ಆ ದನಿ. ಸ್ವಲ್ಪ ನಿಧಾನ, ಸ್ವಲ್ಪ ನಡುಕ. ಅಂಗಡಿಯ ಹುಡುಗ ಫೋನು ಹಿಡಿದು ನೋಡಿದ, ಅದಕ್ಕೆ ಹಾಡಿನ ಗುರುತು ಸಿಗಲಿಲ್ಲ. ‘ವೇಗ ಕಮ್ಮಿ ಇದ್ದು, ತಡಿ’ ಅಂತ ಅವರು ಮೋಟರಿನ ಹಿಂದಿನ ತೂತಿಗೆ ಸಣ್ಣ ಸ್ಕ್ರೂಡ್ರೈವರ್ ಹಾಕಿ ಒಂದು ಕೂದಲೆಳೆಯಷ್ಟು ತಿರುಗಿಸಿದರು. ಮತ್ತೆ ಹಾಕಿದರು. ಈ ಸಲ ಐದಾರು ಸೆಕೆಂಡಿನಲ್ಲಿ ಹೆಸರು ಬಂತು. ನಲವತ್ತು ವರ್ಷ ಗೊತ್ತಿಲ್ಲದ ಹೆಸರು. ‘ವರ್ಡ್ಸ್’. ಎಫ್. ಆರ್. ಡೇವಿಡ್. 1982.

ಹುಬ್ಬಳ್ಳಿಗೆ ಬರುವ ದಾರಿಯಲ್ಲಿ ಓದಿದೆ. ಟುನೀಶಿಯಾದಲ್ಲಿ ಹುಟ್ಟಿ ಫ್ರಾನ್ಸಿನಲ್ಲಿ ನೆಲೆಸಿದ ಗಾಯಕ. ಹಾಡು 1983ರಲ್ಲಿ ಬ್ರಿಟನ್ನಿನ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೆ ಏರಿತ್ತಂತೆ. ನಾನು ಯಾರಿಗೂ ಗೊತ್ತಿಲ್ಲದ್ದು ಅಂತ ಬಚ್ಚಿಟ್ಟುಕೊಂಡಿದ್ದ ಹಾಡು ಅರ್ಧ ಯುರೋಪು ಕುಣಿದ ಹಿಟ್ಟು! ಒಂದು ಗಳಿಗೆ ಮೋಸ ಹೋದ ಹಾಗಾಯಿತು. ಅಲ್ಲಿಯೂ ಈ ಹಾಡು ಯಾರದ್ದೋ ಹಲ್ಲಿನ ಡಾಕ್ಟರ ಕೋಣೆಯಲ್ಲಿ ಬರುತ್ತಿರಬಹುದು. ಹಾಡಿನ ಅರ್ಥವೂ ಗೊತ್ತಾಯಿತು. ಅವನಿಗೆ ಒಬ್ಬಳ ಮೇಲೆ ಪ್ರೀತಿ, ಹೇಳಲು ಮಾತು ಬರುತ್ತಿಲ್ಲ. ಹಾಡು ಕಟ್ಟುವುದೊಂದು ಗೊತ್ತು, ಮಾತು ಮಾತ್ರ ಸಲೀಸಾಗಿ ಬರುವುದಿಲ್ಲ ಅಂತ ಗೋಳು. ನೋಟ್‌ಬುಕ್ಕು ತೆಗೆದು ನೋಡಿದೆ. ದೋಣಿ. ಕಮೀಜು. ಮಾತು ಬಾರದವನ ಹಾಡನ್ನು ಮಾತು ತಿಳಿಯದವಳು ಎಷ್ಟು ಶ್ರದ್ಧೆಯಿಂದ ಬರೆದುಕೊಂಡಿದ್ದಳು.

ಫೋನಿನಲ್ಲಿ ಪೂರ್ತಿ ಹಾಡು ಒಬ್ಬಳೇ ಕೇಳಲು ಮನಸ್ಸಾಗಲಿಲ್ಲ. ರಾತ್ರಿ ಮಸ್ಕತ್ತಿಗೆ ಹಚ್ಚಿದೆ. ದಾದಾನಿಗೆ ಏನೂ ಹೇಳದೆ ಹಾಡು ಹಾಕಿ ಲ್ಯಾಪ್‌ಟಾಪಿನ ಪಕ್ಕ ಫೋನು ಇಟ್ಟೆ. ಎರಡು ಸೆಕೆಂಡು ಆ ಕಡೆಯಿಂದ ಸದ್ದಿಲ್ಲ. ಆಮೇಲೆ ‘ಅಗೋ, ದೋಣಿಯವ’ ಅಂದ. ಮುಂದೆ ಮಾತಾಡಲಿಲ್ಲ. ಅವನ ಕಡೆಯ ಫ್ಯಾನಿನ ಸದ್ದು ಕೇಳುತ್ತಿತ್ತು. ಹಾಡು ನಡೆಯಿತು, ಪಲ್ಲವಿ ಬಂತು, ಮತ್ತೊಮ್ಮೆ ಮೇಲೇರಿತು. ನನ್ನ ಕೈ ತಾನಾಗಿ ಮುಂದೆ ಹೋಯಿತು, ಇಲ್ಲದ ಬಟನ್ನಿನ ಕಡೆ. ಅಷ್ಟರಲ್ಲಿ ಆ ಕಡೆಯಿಂದ ದಾದಾ ನಾಲಿಗೆಯಲ್ಲಿ ಸದ್ದು ಮಾಡಿದ.

‘ಖಟ್.’

ಸರಿಯಾಗಿ ಅದೇ ಜಾಗಕ್ಕೆ.

ಹಾಡು ನಿಲ್ಲಲಿಲ್ಲ. ಮತ್ತದೇ ಸಾಲುಗಳು, ಮತ್ತದೇ ಕೀಬೋರ್ಡು. ಇಬ್ಬರೂ ಕೊನೆಯವರೆಗೆ ಕೇಳಿದೆವು.

‘ಇಷ್ಟೇನಾ ಬಾಯ್?’ ಅಂದ ದಾದಾ. ‘ನಾನು ಮುಂದೆ ಅಂಗಿ ಸಿಕ್ಕಿರುತ್ತೆ ಅಂತ ಮಾಡಿದ್ದೆ.’